ತೆರೆಯ ಮೇಲಿನ ಮರುಹುಟ್ಟು ಮತ್ತು ಶ್ರಾವಕನ ವಿವೇಕ

ಚಲನಚಿತ್ರ, ಧಾರಾವಾಹಿಗಳಲ್ಲಿ ನಾವೆಲ್ಲರೂ ಕಂಡಿರುವ ದೃಶ್ಯವೊಂದಿದೆ. ರೋಗಿಯ ಹೃದಯ ನಿಲ್ಲುತ್ತದೆ. ವೈದ್ಯರು ಎದೆಯನ್ನು ನಾಲ್ಕಾರು ಬಾರಿ ಒತ್ತುತ್ತಾರೆ. ರೋಗಿ ಕಣ್ತೆರೆದು ಮಗನನ್ನು ಕರೆಯುತ್ತಾನೆ. ಕಥೆಗೆ ಇದು ಸೊಗಸು. ಆದರೆ ಇದನ್ನೇ ಸತ್ಯವೆಂದು ನಂಬಿ ಮನೆಯ ಹಿರಿಯರ ಅಂತ್ಯಕಾಲವನ್ನು ನಿರ್ಧರಿಸುವುದು ವಿಚಾರಣೀಯ.

1996ರಲ್ಲಿ ಅಮೆರಿಕದ ಮೂವರು ವೈದ್ಯರು ಅಲ್ಲಿನ ಮೂರು ದೂರದರ್ಶನ ಕಾರ್ಯಕ್ರಮಗಳನ್ನು ಪರಿಶೀಲಿಸಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬರೆದರು. ತೆರೆಯ ಮೇಲೆ ಸಿ.ಪಿ.ಆರ್. ಚಿಕಿತ್ಸೆ ಪಡೆದವರಲ್ಲಿ ಶೇಕಡಾ 75 ಮಂದಿ ಆ ಕ್ಷಣಕ್ಕೆ ಉಳಿದಿದ್ದರು. ಶೇಕಡಾ 67 ಮಂದಿ ಮನೆಗೆ ಮರಳಿದಂತೆ ತೋರಿಸಲಾಗಿತ್ತು. ವಾಸ್ತವದ ಲೆಕ್ಕವೇ ಬೇರೆ. ಅದೇ ದೇಶದಲ್ಲಿ ಆಸ್ಪತ್ರೆಯೊಳಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗುವವರು ನಾಲ್ಕೈದು ಮಂದಿಯಲ್ಲಿ ಒಬ್ಬರು. ಹೊರಗಾದರೆ ಸುಮಾರು ಹತ್ತರಲ್ಲಿ ಒಬ್ಬರು. ದೇಹವೆಲ್ಲ ಹರಡಿದ ಕ್ಯಾನ್ಸರಿನಂಥ ರೋಗಗಳ ಕೊನೆಯ ಘಟ್ಟದಲ್ಲಿ ಇನ್ನೂ ಕಡಿಮೆ. ಪಕ್ಕೆಲುಬು ಮುರಿಯುವುದು ಸಾಮಾನ್ಯ. ಉಳಿದವರಲ್ಲಿ ಕೆಲವರ ಮಿದುಳಿಗೆ ಶಾಶ್ವತ ಹಾನಿಯಾಗಿರುತ್ತದೆ.

ಹಾಗೆಂದು ಈ ಚಿಕಿತ್ಸೆ ವ್ಯರ್ಥವಲ್ಲ. ಆರೋಗ್ಯವಂತನೊಬ್ಬ ಅಂಗಡಿಯಲ್ಲಿ ಹಠಾತ್ತನೆ ಕುಸಿದಾಗ ಒಡನೆಯೇ ಅವನ ಎದೆಯೊತ್ತುವುದು ಅಭಯದಾನವೇ ಸರಿ. ಪ್ರಶ್ನೆಯಿರುವುದು ಚಿಕಿತ್ಸೆಯಲ್ಲಲ್ಲ, ಅದು ಯಾರಿಗೆ, ಯಾವಾಗ ಎಂಬಲ್ಲಿ.

ನನ್ನ ಅಣ್ಣನವರಿಗೆ ಶ್ವಾಸಕೋಶದ ವ್ಯಾಧಿ ಕೈಮೀರಿತ್ತು. ವೈದ್ಯರು ಕೇಳಿದಾಗ, "ಎಲ್ಲವನ್ನೂ ಮಾಡಿ" ಎಂದವನು ನಾನೇ. ಮುರಿದ ಪಕ್ಕೆಲುಬುಗಳೊಡನೆ ಅವರು ಮೂರು ದಿನ ಯಂತ್ರದ ಉಸಿರಿನಲ್ಲಿದ್ದರು. ಕಿವಿಯಲ್ಲಿ ಪಂಚನಮಸ್ಕಾರ ಹೇಳಲು ನಾನು ಹೋದಾಗ ಭೇಟಿಯ ವೇಳೆ ಮುಗಿದಿತ್ತು. ಅವರ ಇಚ್ಛೆಯೇನೆಂದು ನಾನು ಎಂದೂ ಕೇಳಿರಲಿಲ್ಲ. ಖರ್ಚಿಗೆ ಹೆದರಿದನೆಂದು ನಾಲ್ಕು ಜನ ಆಡಿಕೊಂಡಾರೆಂದು ಅಂಜಿದ್ದೆ.

"ಬೇಡ" ಎಂದರೆ ಕೊಂದಂತೆ ಎಂಬುದು ಜನರ ಒಂದು ತಪ್ಪು ಗ್ರಹಿಕೆ. ಪುನಶ್ಚೇತನವನ್ನು ನಿರಾಕರಿಸುವುದೇ ಸಲ್ಲೇಖನವೆಂಬುದು ನಮ್ಮವರಲ್ಲಿರುವ ಇನ್ನೊಂದು ತಪ್ಪು. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳೊದಗಿದಾಗ ಧರ್ಮಕ್ಕಾಗಿ ದೇಹತ್ಯಾಗ ಮಾಡುವುದನ್ನು ಸಮಂತಭದ್ರಾಚಾರ್ಯರು ಸಲ್ಲೇಖನವೆಂದರು. ಅದು ಕಷಾಯಗಳನ್ನು ಕೃಶಗೊಳಿಸುವ ವ್ರತ. ಆಸ್ಪತ್ರೆಯ ಕಾಗದಕ್ಕೆ ಹಾಕುವ ಸಹಿಯಲ್ಲ. ಆದರೂ ಅದರ ವಿವೇಕ ಇಲ್ಲಿಗೆ ದಾರಿದೀಪವಾಗಬಲ್ಲುದು. ತತ್ತ್ವಾರ್ಥಸೂತ್ರವು ಸಲ್ಲೇಖನದ ಅತಿಚಾರಗಳಲ್ಲಿ ಮರಣಾಶಂಸೆಯನ್ನು ಮಾತ್ರವಲ್ಲ, ಜೀವಿತಾಶಂಸೆಯನ್ನೂ ಮಿತ್ರಾನುರಾಗವನ್ನೂ ಎಣಿಸಿದೆ. ಸಾವನ್ನು ಬಯಸುವುದೂ ದೋಷ, ಬದುಕಿಗೆ ಜೋತುಬೀಳುವುದೂ ದೋಷ. "ಎಲ್ಲವನ್ನೂ ಮಾಡಿ" ಎಂದ ನನ್ನ ಮಾತಿನಲ್ಲಿ ಅಣ್ಣನ ಹಿತಕ್ಕಿಂತ ನನ್ನ ಮೋಹವೇ ಹೆಚ್ಚಿತ್ತೆಂದು ಈಗ ತೋರುತ್ತದೆ.

ಕಾನೂನೂ ಇದಕ್ಕೆ ದಾರಿ ಮಾಡಿದೆ. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯವು ಮುಂಗಡ ವೈದ್ಯಕೀಯ ಇಚ್ಛಾಪತ್ರವನ್ನು ಮಾನ್ಯ ಮಾಡಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಇದನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಆಸ್ತಿಯ ಉಯಿಲನ್ನು ಕಾಲಕ್ಕೆ ಸರಿಯಾಗಿ ಬರೆಯುವ ನಾವು ಅಂತ್ಯದ ಮಾತನ್ನು ಮಾತ್ರ ಅಪಶಕುನವೆಂದು ಮುಂದೂಡುತ್ತೇವೆ. ಬಸದಿಗಳ ಟ್ರಸ್ಟುಗಳು ಪರ್ಯೂಷಣದ ಒಂದು ಸಂಜೆ ವೈದ್ಯರೊಬ್ಬರನ್ನೂ ವಕೀಲರೊಬ್ಬರನ್ನೂ ಕರೆಸಿ ಈ ವಿಷಯವನ್ನು ಶ್ರಾವಕ-ಶ್ರಾವಿಕೆಯರ ಮುಂದಿಡಲಿ. ಹಿರಿಯರ ಇಚ್ಛೆಯನ್ನು ಅವರ ಬಾಯಿಂದಲೇ, ಅವರು ಹೇಳಬಲ್ಲವರಾಗಿರುವಾಗಲೇ ಕೇಳಿ ತಿಳಿಯುವುದು ಮಕ್ಕಳ ಕರ್ತವ್ಯ.