ಸೆರೆಮನೆಯಲ್ಲಿ ಹೇಳಿದ ಕಥೆ

ಹಾಡುಗಳೇ ಪ್ರಧಾನವಾದ ಚಲಚ್ಚಿತ್ರಗಳನ್ನು ಲಘುವಾಗಿ ಕಾಣುವ ರೂಢಿ ವಿದ್ಯಾವಂತರಲ್ಲಿ ಹಳೆಯದು. ಹಾಡು ಬಂದೊಡನೆ ಕಥೆ ನಿಂತಿತು, ಬಾಳಿನ ಸತ್ಯ ಹಿಂದೆ ಸರಿಯಿತು ಎಂಬುದು ಅವರ ಆಕ್ಷೇಪಣೆ. ಈ ಮಾತು ಎಷ್ಟರ ಮಟ್ಟಿಗೆ ನಿಲ್ಲತಕ್ಕದ್ದೆಂದು ಪರೀಕ್ಷಿಸುವುದಕ್ಕಾಗಿ, 2025ರಲ್ಲಿ ಅಮೆರಿಕದಲ್ಲಿ ತೆರೆಕಂಡು, ಹಾಕಿದ ಹಣದ ಅಲ್ಪಭಾಗವನ್ನು ಮಾತ್ರ ಗಳಿಸಿ ಮರೆಗೆ ಸಂದ ‘ಕಿಸ್ ಆಫ್ ದ ಸ್ಪೈಡರ್ ವುಮನ್’ ಎಂಬ ಚಿತ್ರವನ್ನು ವಾಚಕರ ಮುಂದಿಡಬಯಸುತ್ತೇವೆ.

ಇದರ ಮೂಲ ಅರ್ಜೆಂಟೀನದ ಮಾನ್ಯುಯೆಲ್ ಪುಯಿಗ್ 1976ರಲ್ಲಿ ಪ್ರಕಟಿಸಿದ ಕಾದಂಬರಿ. ಬಹುಮಟ್ಟಿಗೆ ಸಂಭಾಷಣೆಯಿಂದಲೇ ಸಾಗುವ ಈ ಕೃತಿ ಅವರ ಸ್ವದೇಶದಲ್ಲಿ ನಿಷೇಧಕ್ಕೊಳಗಾಯಿತು. 1985ರಲ್ಲಿ ಹೆಕ್ಟರ್ ಬಬೆಂಕೊ ಇದನ್ನು ಹಾಡಿಲ್ಲದ ಚಿತ್ರವಾಗಿ ತೆಗೆದರು; ಅದರಲ್ಲಿ ನಟಿಸಿದ ವಿಲಿಯಂ ಹರ್ಟ್ ಅವರಿಗೆ ಆಸ್ಕರ್ ಪ್ರಶಸ್ತಿ ಬಂದಿತು. ಜಾನ್ ಕ್ಯಾಂಡರ್ ಅವರ ಸಂಗೀತ, ಫ್ರೆಡ್ ಎಬ್ ಅವರ ಗೀತೆಗಳೊಡನೆ 1993ರಲ್ಲಿ ನ್ಯೂಯಾರ್ಕಿನ ರಂಗಭೂಮಿಯನ್ನೇರಿ ಟೋನಿ ಪ್ರಶಸ್ತಿಯನ್ನು ಪಡೆಯಿತು. ಆ ಸಂಗೀತ ನಾಟಕವನ್ನೇ ಬಿಲ್ ಕಾಂಡನ್ ಈಗ ತೆರೆಗೆ ತಂದಿದ್ದಾರೆ.

ಕಥೆ 1983ರದು, ಅರ್ಜೆಂಟೀನದ ಸೈನಿಕ ಆಡಳಿತದ ಕಡೆಯ ದಿನಗಳು. ಒಂದೇ ಕೋಣೆಯಲ್ಲಿ ಇಬ್ಬರು ಸೆರೆಯಾಳುಗಳು. ವ್ಯಾಲೆಂಟಿನ್ ಕ್ರಾಂತಿಕಾರಿ, ಪುಸ್ತಕದಿಂದ ಕಣ್ಣೆತ್ತದವನು. ಮೊಲೀನಾ ಅಂಗಡಿಗಳ ಗಾಜಿನ ಕಿಟಕಿಗಳನ್ನು ಸಿಂಗರಿಸುತ್ತಿದ್ದವನು; ಗಂಡಾಗಿ ಹುಟ್ಟಿ ತನ್ನನ್ನು ಹೆಣ್ಣೆಂದೇ ಬಗೆಯುವ ಜೀವ; ಅದೇ ಕಾರಣಕ್ಕೆ ಲೋಕದ ನಗೆಗೂ ಕಾನೂನಿನ ಶಿಕ್ಷೆಗೂ ಗುರಿಯಾದವನು. ವ್ಯಾಲೆಂಟಿನನ ಗುಟ್ಟನ್ನು ತಿಳಿದು ಹೇಳಿದರೆ ಬಿಡುಗಡೆ ದೊರಕಿಸುವೆನೆಂದು ಸೆರೆಮನೆಯ ಅಧಿಕಾರಿ ಮೊಲೀನಾನಿಗೆ ಆಸೆ ತೋರಿಸಿದ್ದಾನೆ. ಮೊಲೀನಾನ ಬಳಿ ಇರುವ ಸಾಧನ ಒಂದೇ: ತಾನು ಎಂದೋ ನೋಡಿ ಮೆಚ್ಚಿದ ಒಂದು ಸಿನಿಮಾದ ಕಥೆಯನ್ನು ದಿನಕ್ಕಿಷ್ಟಿಷ್ಟಾಗಿ ಹೇಳುವುದು.

ಸಿನಿಮಾದ ಕಥೆ ಹೇಳುವುದು ನಮಗೆ ಹೊಸದಲ್ಲ. ಟೆಂಟಿನಲ್ಲಿ ಆಟ ನೋಡಿ ಬಂದವನೊಬ್ಬನು, ಕಾಸಿಲ್ಲದೆ ಉಳಿದ ಹತ್ತು ಮಂದಿಗೆ ಮಾರನೆಯ ದಿನ ಹಾಡು, ಹೊಡೆದಾಟಗಳ ಸಮೇತ ಕಥೆಯನ್ನು ಒಪ್ಪಿಸುತ್ತಿದ್ದ ಕಾಲ ನಮ್ಮ ಕಡೆಯ ಹಳ್ಳಿಗಳಲ್ಲಿಯೂ ಇದ್ದಿತು. ಆ ಹೇಳಿಕೆಯಲ್ಲಿ ಮೂಲಕ್ಕಿಂತ ಹೇಳುವವನ ಮನಸ್ಸೇ ಹೆಚ್ಚಾಗಿ ಬೆರೆಯುತ್ತಿತ್ತು. ಈ ಚಿತ್ರದ ಜೀವಾಳವೂ ಅದೇ. ಮೊಲೀನಾ ಬಣ್ಣಿಸುವ ಚಿತ್ರದಲ್ಲಿ ಅರೋರಾ ಎಂಬ ನಾಯಕಿಯನ್ನು ಪ್ರೀತಿಸುವ ತರುಣನಿಗೆ ವ್ಯಾಲೆಂಟಿನನ ಮುಖವೇ ಬರುತ್ತದೆ. ತನಗೆ ಮಾತ್ರ ಮೊಲೀನಾ ನಾಯಕಿಯ ಪಟ್ಟವನ್ನು ಕೊಟ್ಟುಕೊಳ್ಳುವುದಿಲ್ಲ. ಆಕೆಯ ಸಹಾಯಕನ ಎಡೆ ಸಾಕೆನ್ನುತ್ತಾನೆ. ಬಾಣಾಸುರನ ಮಗಳಾದ ಉಷೆಗಾಗಿ ಅನಿರುದ್ಧನ ರೂಪವನ್ನು ಬರೆದು ತೋರಿಸಿದ ಚಿತ್ರಲೇಖೆಯನ್ನು ನಮ್ಮ ಓದುಗರು ಬಲ್ಲರು. ಆಕೆಯೇ ತಾನು ಬರೆದ ರೂಪಕ್ಕೆ ಒಲಿದಿದ್ದರೆ ಏನಾಗುತ್ತಿತ್ತೋ, ಮೊಲೀನಾನ ಪಾಡು ಅದು.

ಸೆರೆಮನೆಯ ಭಾಗದಲ್ಲಿ ಹಾಡುಗಳನ್ನು ಬಹುಮಟ್ಟಿಗೆ ಕಳೆದು, ಅವನ್ನು ಮೊಲೀನಾ ಹೇಳುವ ಚಿತ್ರದೊಳಗೇ ಇರಿಸಿದ್ದು ಕಾಂಡನ್ ಅವರ ಮುಖ್ಯ ನಿರ್ಧಾರ. ಅಲ್ಲಿ ವರ್ಣವೈಭವ, ಜೆನ್ನಿಫರ್ ಲೋಪೆಜ್ ಅವರ ನೃತ್ಯ. ಇಲ್ಲಿ ಬೂದುಬಣ್ಣದ ಗೋಡೆ, ಪಕ್ಕದ ಕೋಣೆಯ ನರಳಾಟ. ಎರಡೂ ಒಂದಕ್ಕೊಂದು ಅಂಟಲಿಲ್ಲವೆಂದು ದೂರುವವರು ಉಂಟು. ಅಂಟಬಾರದೆಂಬುದೇ ಔಚಿತ್ಯವೆಂದು ನಾವು ತಿಳಿಯುತ್ತೇವೆ. ಸೆರೆಮನೆ ಹಾಡುವುದಿಲ್ಲ, ಸೆರೆಯಾಳು ಹಾಡನ್ನು ನೆನೆಯುತ್ತಾನೆ. ವಿಷ ಬೆರೆತ ಅನ್ನವನ್ನುಂಡು ಮೈಮೇಲೆ ಹತೋಟಿ ತಪ್ಪಿದ ವ್ಯಾಲೆಂಟಿನನನ್ನು ಮೊಲೀನಾ ಅಸಹ್ಯಪಡದೆ ಒರೆಸಿ ಹೊದಿಸುವಲ್ಲಿ ಹಾಡಿಲ್ಲ. ಆದರೂ ಇಡೀ ಚಿತ್ರದಲ್ಲಿ ಶೃಂಗಾರವು ಬೇರೂರುವ ಸ್ಥಳ ಅದೇ. ಕರುಣದಿಂದ ಹುಟ್ಟಿದ ಶೃಂಗಾರ. ಟೊನಾಟಿಯು ಎಂಬ ನಟನ ಅಭಿನಯ ಇಲ್ಲಿ ಉನ್ನತ ಮಟ್ಟದ್ದು. ಡಿಯೆಗೊ ಲೂನಾ ಅವರ ಬಿಗಿದ ಮೋರೆ ಸಡಿಲವಾಗುತ್ತ ಹೋಗುವ ಕ್ರಮವೂ ಅದಕ್ಕೆ ಸಮನಾಗಿದೆ.

ದೋಷಗಳಿಲ್ಲವೆಂದಲ್ಲ. ಒಳಚಿತ್ರದ ಕಥೆ ಸಡಿಲವಾದುದು. ಕೆಲವು ನೃತ್ಯಗಳು ಬೇಕಾದುದಕ್ಕಿಂತ ದೀರ್ಘ. ವ್ಯಾಲೆಂಟಿನನ ಧ್ಯೇಯವೇನೆಂಬುದು ನಾಲ್ಕು ಮಾತುಗಳಲ್ಲಿ ಮುಗಿದು, ಕಣ್ಣಿಗೆ ಕಾಣದೆ ಉಳಿಯುತ್ತದೆ. ಕಾದಂಬರಿಯಲ್ಲಿ ಹೇಳಿದ ಕಥೆಗಳನ್ನು ಓದುಗನೇ ಕಲ್ಪಿಸಿಕೊಳ್ಳಬೇಕು. ತೆರೆಯ ಮೇಲೆ ಎಲ್ಲವನ್ನೂ ತೋರಿಸಿಬಿಡುವುದರಿಂದ ಕೇಳುಗನ ಕೆಲಸ ಕುಗ್ಗಿದೆ.

ಆದರೂ ಮೊದಲು ಹೇಳಿದ ಆಕ್ಷೇಪಣೆಗೆ ಇಲ್ಲಿ ಉತ್ತರವುಂಟು. ಹಾಡು ಕಷ್ಟದಿಂದ ಓಡಿಹೋಗುವ ದಾರಿಯೆಂದು ವ್ಯಾಲೆಂಟಿನನೂ ಹೀಯಾಳಿಸಿದವನೇ. ಕಡೆಗೆ ಕಥೆ ಕೇಳಿದವನು ಮರುಕವನ್ನು ಕಲಿತನು; ಕಥೆ ಹೇಳಿದವನು ಧೈರ್ಯವನ್ನು ಕಲಿತು, ಬಿಡುಗಡೆಯಾದ ಮೇಲೆ ಗೆಳೆಯನ ಸಂದೇಶವನ್ನು ಒಯ್ದು ಪ್ರಾಣವನ್ನೇ ತೆತ್ತನು.

ಇದು ದೂರದೇಶದ ಮಾತೆಂದು ತಳ್ಳಿಬಿಡುವಂತಿಲ್ಲ. ಪುಯಿಗ್ ಅವರ ಕಾದಂಬರಿ ಹೊರಬಂದ 1976ರಲ್ಲಿಯೇ, ತುರ್ತುಪರಿಸ್ಥಿತಿಯ ಕಾಲದಲ್ಲಿ, ‘ಸಂಸ್ಕಾರ’ (1970) ಚಿತ್ರದ ಚಂದ್ರಿಯಾಗಿ ಕನ್ನಡಿಗರ ಮನಸ್ಸಿನಲ್ಲಿ ನಿಂತ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಸೆರೆಮನೆಯಲ್ಲಿಟ್ಟಿದ್ದರು. ಉಬ್ಬಸದಿಂದ ಬಳಲುತ್ತಿದ್ದ ಆಕೆ 1977ರ ಜನವರಿಯಲ್ಲಿ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಕಲೆಗೊಂದು ಕೋಣೆ, ರಾಜಕೀಯಕ್ಕೊಂದು ಕೋಣೆ ಎಂದು ಅಧಿಕಾರವು ಎಂದೂ ಭಾವಿಸಿದ್ದಿಲ್ಲ. ಹಾಗೆ ಭಾವಿಸುವವರು ವಿಮರ್ಶಕರು ಮಾತ್ರ.

ಚಿತ್ರಹಿಂಸೆಯ ದೃಶ್ಯಗಳಿರುವುದರಿಂದ ಇದು ಚಿಕ್ಕವರಿಗೆ ತಕ್ಕ ಚಿತ್ರವಲ್ಲ. ಉಪಾಧ್ಯಾಯರು ನೋಡಲಿ, ನೋಡಿ ತರಗತಿಯಲ್ಲಿ ಇದರ ಕಥೆಯನ್ನು ಹೇಳಲಿ. ಕಥೆ ಹೇಳುವವರಿಗೂ ಕೇಳುವವರಿಗೂ ನಡುವೆ ಏನು ಬೆಳೆಯಬಲ್ಲುದೆಂಬುದನ್ನೇ ಈ ಚಿತ್ರ ತೋರಿಸುತ್ತದೆಯಾಗಿ, ಅದನ್ನು ಗೌರವಿಸಲು ಇದಕ್ಕಿಂತ ಯೋಗ್ಯವಾದ ಮಾರ್ಗ ನಮಗೆ ತೋರುವುದಿಲ್ಲ.