ಬಾಲ ನೋಡಿ ಜಾತಿ ಹೇಳುವ ವ್ಯಾಕರಣ

ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಿಂದ ನಮ್ಮಲ್ಲಿ ಬಹಳ ಮಂದಿ ಹೊತ್ತು ತಂದ ಸೂತ್ರವೊಂದಿದೆ. ‘ಇಂಗ್’ ಬಾಲದ ಪದ ವಾಕ್ಯದಲ್ಲಿ ಕರ್ತೃವಾಗಿಯೋ ಕರ್ಮವಾಗಿಯೋ ಬಂದರೆ ಅದು ಜೆರಂಡ್, ಅಂದರೆ ನಾಮಪದ. ಅದರ ಪಕ್ಕ ಕೂರಬೇಕಾದ್ದು ಗುಣವಾಚಕ. ಅದೇ ಪದ ‘ಈಸ್’, ‘ವಾಸ್’ಗಳ ಜೊತೆ ಬಂದರೆ ಕ್ರಿಯಾಪದ, ಆಗ ಪಕ್ಕಕ್ಕೆ ಬರಬೇಕಾದ್ದು ‘ಲಿ’ ಹಚ್ಚಿಕೊಂಡ ಕ್ರಿಯಾವಿಶೇಷಣ. ಕೇಳುವುದಕ್ಕೆ ಅಚ್ಚುಕಟ್ಟಾಗಿದೆ, ಬಾಯಿಪಾಠಕ್ಕೂ ಒದಗುತ್ತದೆ. ಇದನ್ನು ನಂಬಿದ ವಿದ್ಯಾರ್ಥಿ ‘ಕೇರ್‌ಫುಲ್ ಡ್ರೈವಿಂಗ್ ಸೇವ್ಸ್ ಲೈವ್ಸ್’ ಎಂದು ಧೈರ್ಯವಾಗಿ ಬರೆಯುತ್ತಾನೆ. ‘ಡ್ರೈವಿಂಗ್ ಕೇರ್‌ಫುಲ್ಲಿ ಸೇವ್ಸ್ ಲೈವ್ಸ್’ ಎಂದು ಬರೆಯುವಾಗ ಅಳುಕುತ್ತಾನೆ. ಡ್ರೈವಿಂಗ್ ಇಲ್ಲಿ ಕರ್ತೃ. ಕರ್ತೃ ಎಂದಮೇಲೆ ನಾಮಪದ. ನಾಮಪದಕ್ಕೆ ಕ್ರಿಯಾವಿಶೇಷಣ ಹೇಗೆ ಹೊಂದೀತು?

ಹೊಂದುತ್ತದೆ. ಎರಡು ವಾಕ್ಯಗಳೂ ಸರಿ, ಕೆಟ್ಟಿರುವುದು ಸೂತ್ರ. ಅದು ಕೆಟ್ಟಿದೆ ಎಂದು ತೋರಿಸಲು ಇಂಗ್ಲಿಷ್ ಪಂಡಿತರ ಸಾಕ್ಷಿ ಬೇಕಿಲ್ಲ, ಮನೆಯಲ್ಲಿ ಆಡುವ ಕನ್ನಡವೇ ಸಾಕು ಎಂಬುದು ನನ್ನ ವಾದ.

‘ಹುಡುಕು’ ಎಂಬ ಧಾತುವನ್ನು ತೆಗೆದುಕೊಳ್ಳಿ. ಅದರಿಂದ ‘ಹುಡುಕಾಟ’ವೂ ಹುಟ್ಟುತ್ತದೆ, ‘ಹುಡುಕುವುದು’ ಕೂಡ ಹುಟ್ಟುತ್ತದೆ. ಎರಡೂ ವಾಕ್ಯದಲ್ಲಿ ಕರ್ತೃವಾಗಬಲ್ಲವು: ‘ಹುಡುಕಾಟ ಮುಗಿಯಿತು’, ‘ಹುಡುಕುವುದು ಮುಗಿಯಿತು’. ಹೊರಗಿನಿಂದ ನೋಡಿದರೆ ಎರಡೂ ಹೆಸರುಗಳೇ. ಆದರೆ ಕಳೆದುಹೋದ ಬೀಗದ ಕೈಯನ್ನು ಇವುಗಳ ಮುಂದೆ ತಂದಿಟ್ಟರೆ ಬಣ್ಣ ಬಯಲಾಗುತ್ತದೆ. ‘ಬೀಗದ ಕೈಯ ಹುಡುಕಾಟ’ ಎನ್ನುತ್ತೇವೆ, ‘ಬೀಗದ ಕೈಯನ್ನು ಹುಡುಕುವುದು’ ಎನ್ನುತ್ತೇವೆ. ‘ಬೀಗದ ಕೈಯನ್ನು ಹುಡುಕಾಟ’ ಎಂದು ಐದು ವರ್ಷದ ಮಗುವೂ ಹೇಳುವುದಿಲ್ಲ. ಹುಡುಕಾಟಕ್ಕೆ ಷಷ್ಠಿ ಬೇಕು, ಹುಡುಕುವುದಕ್ಕೆ ದ್ವಿತೀಯೆ ಬೇಕು. ವಿಶೇಷಣದ ವಿಷಯವೂ ಹಾಗೆಯೇ: ‘ತೀವ್ರ ಹುಡುಕಾಟ’, ಆದರೆ ‘ತೀವ್ರವಾಗಿ ಹುಡುಕುವುದು’. ‘ವೇಗದ ಓಟ’, ಆದರೆ ‘ವೇಗವಾಗಿ ಓಡುವುದು’. ಯಾರೂ ಕಲಿಸದ, ಯಾರೂ ತಪ್ಪದ ನಿಯಮ ಇದು. ಹೊರಗೆ ನಾಮಪದದ ಕುರ್ಚಿಯಲ್ಲಿ ಕೂತಿದ್ದರೂ ‘ಹುಡುಕುವುದು’ ಒಳಗೆ ಇನ್ನೂ ಕ್ರಿಯಾಪದ. ಅದು ಕರ್ಮವನ್ನು ತಾನೇ ಆಳುತ್ತದೆ, ಹಾಗಾಗಿ ಕ್ರಿಯಾವಿಶೇಷಣವನ್ನೂ ತಾನೇ ಕರೆದುಕೊಳ್ಳುತ್ತದೆ.

ಇಂಗ್ಲಿಷಿನಲ್ಲಿ ನಡೆಯುವುದೂ ಇದೇ. ‘ದಿ ಕೇರ್‌ಫುಲ್ ರೀಡಿಂಗ್ ಆಫ್ ದಿ ಲೆಟರ್’ ಎಂಬಲ್ಲಿ ‘ಆಫ್’ ನಮ್ಮ ಷಷ್ಠಿಯ ಕೆಲಸ ಮಾಡುತ್ತಿದೆ. ರೀಡಿಂಗ್ ಇಲ್ಲಿ ಹುಡುಕಾಟದ ಜಾತಿ, ಗುಣವಾಚಕ ಸಲ್ಲುತ್ತದೆ. ‘ರೀಡಿಂಗ್ ದಿ ಲೆಟರ್ ಕೇರ್‌ಫುಲ್ಲಿ’ ಎಂಬಲ್ಲಿ ಪತ್ರ ನೇರವಾಗಿ ಕರ್ಮ. ರೀಡಿಂಗ್ ಇಲ್ಲಿ ಹುಡುಕುವುದರ ಜಾತಿ, ಕ್ರಿಯಾವಿಶೇಷಣವೇ ಬೇಕು. ಕನ್ನಡ ಈ ಕೆಲಸಗಳಿಗೆ ಓಟ, ಓಡುವುದು, ಓಡುತ್ತಾ ಎಂದು ಬೇರೆ ಬೇರೆ ರೂಪ ಕೊಟ್ಟಿದೆ. ಇಂಗ್ಲಿಷ್ ಮೂರಕ್ಕೂ ‘ರನ್ನಿಂಗ್’ ಎಂಬ ಒಂದೇ ಅಂಗಿ ತೊಡಿಸಿದೆ. ನಮ್ಮ ಗೊಂದಲಕ್ಕೆ ಕಾರಣ ಆ ಅಂಗಿ.

ಎರಡೂ ಸರಿ ಎಂದಮಾತ್ರಕ್ಕೆ ಎರಡೂ ಒಂದೇ ಅಲ್ಲ. ‘ಒಳ್ಳೆಯ ಊಟ’ ಎಂದಾಗ ಹೊಗಳಿಕೆ ಅಡುಗೆಗೆ ಸಲ್ಲುತ್ತದೆ; ‘ಚೆನ್ನಾಗಿ ಉಣ್ಣುವುದು’ ಎಂದಾಗ ಉಣ್ಣುವವನಿಗೆ. ‘ಐ ಹೇಟ್ ಲೌಡ್ ಸಿಂಗಿಂಗ್’ ಎಂದವನು ಪಕ್ಕದ ಬೀದಿಯ ಗಣೇಶನ ಪೆಂಡಾಲಿನ ಮೇಲೆ ಮುನಿದಿರಬಹುದು. ಹಾಡುವವರು ಯಾರೇ ಆಗಿರಬಹುದು. ‘ಐ ಹೇಟ್ ಸಿಂಗಿಂಗ್ ಲೌಡ್ಲಿ’ ಎಂದವನು ಸಾಮಾನ್ಯವಾಗಿ ತನ್ನ ಗಂಟಲಿನ ಬಗ್ಗೆ ಹೇಳುತ್ತಿದ್ದಾನೆ. ಕ್ರಿಯಾವಿಶೇಷಣ ಬಂದ ಕೂಡಲೇ ಕ್ರಿಯೆ ಜೀವಂತವಾಗುತ್ತದೆ, ಅದರ ಹಿಂದೆ ಒಬ್ಬ ಮಾಡುವವನು ಬಂದು ನಿಲ್ಲುತ್ತಾನೆ. ಸೂತ್ರವನ್ನು ನಂಬಿ ಎಲ್ಲ ಕಡೆ ಗುಣವಾಚಕವನ್ನೇ ಬಳಸುವವನು ವ್ಯಾಕರಣ ಉಳಿಸಿಕೊಳ್ಳುವ ಭರದಲ್ಲಿ ಈ ಮನುಷ್ಯನನ್ನು ಕಳೆದುಕೊಳ್ಳುತ್ತಾನೆ.

ಹಾಗಾದರೆ ಸೂತ್ರ ಬಂದದ್ದೆಲ್ಲಿಂದ? ಜೆರಂಡ್ ಎಂಬ ಹೆಸರು ಲ್ಯಾಟಿನ್ನಿನದು. ತಮಾಷೆಯೆಂದರೆ ಲ್ಯಾಟಿನ್ ಜೆರಂಡ್ ಕೂಡ ಈ ಸೂತ್ರಕ್ಕೆ ಬಗ್ಗುವುದಿಲ್ಲ. ಕ್ರಿಸ್ತಶಕ ಮೊದಲ ಶತಮಾನದ ರೋಮಿನ ಗುರು ಕ್ವಿಂಟಿಲಿಯನ್ ವಾಕ್ಚಾತುರ್ಯವನ್ನು ಚೆನ್ನಾಗಿ ಮಾತಾಡುವ ವಿದ್ಯೆ ಎಂದು ವಿವರಿಸಿದ. ಅಲ್ಲಿ ‘ಮಾತಾಡುವ’ ಎಂಬುದು ಜೆರಂಡ್. ಅದರ ಜೊತೆ ಅವನು ಇಟ್ಟದ್ದು ‘ಒಳ್ಳೆಯ’ ಎಂಬ ಗುಣವಾಚಕವನ್ನಲ್ಲ, ‘ಬೆನೆ’ ಎಂಬ ಕ್ರಿಯಾವಿಶೇಷಣವನ್ನು. ಹೆಸರನ್ನು ಎರವಲು ತಂದವರು ನಡತೆಯನ್ನು ಗಮನಿಸಲಿಲ್ಲ.

ಇಂಗ್ಲಿಷಿನ ಕಥೆ ಇನ್ನೂ ಸ್ವಾರಸ್ಯದ್ದು. ಹಳೆಯ ಇಂಗ್ಲಿಷಿನಲ್ಲಿ ಹೆಸರು ಮಾಡುವ ‘ಉಂಗ್’ ಅಥವಾ ‘ಇಂಗ್’ ಪ್ರತ್ಯಯ ಬೇರೆ ಇತ್ತು. ನಮ್ಮ ‘ಉತ್ತಾ’ವನ್ನು ನೆನಪಿಸುವ ‘ಎಂಡೆ’ ಪ್ರತ್ಯಯ ಬೇರೆ ಇತ್ತು. ಮಧ್ಯಕಾಲದಲ್ಲಿ ಎರಡೂ ಬೆರೆತು ‘ಇಂಗ್’ ಒಂದೇ ಉಳಿಯಿತು. ಬರಿಯ ಹೆಸರಾಗಿದ್ದದ್ದು ಮೆಲ್ಲಗೆ ಕರ್ಮವನ್ನು ಆಳಲು ಕಲಿಯಿತು, ಕ್ರಿಯಾವಿಶೇಷಣವನ್ನು ಒಳಗೆ ಬಿಟ್ಟುಕೊಂಡಿತು. ಹದಿನೆಂಟನೆಯ ಶತಮಾನದಲ್ಲೂ ಈ ಬದಲಾವಣೆ ಪೂರ್ತಿ ತಣಿದಿರಲಿಲ್ಲ. ಅರ್ಧ ಹೆಸರು, ಅರ್ಧ ಕ್ರಿಯೆಯಂಥ ಬೆರಕೆ ರೂಪಗಳು ಬರವಣಿಗೆಯಲ್ಲಿ ಓಡಾಡುತ್ತಿದ್ದವು. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೋತ್ 1762ರ ತನ್ನ ವ್ಯಾಕರಣದಲ್ಲಿ ಇದಕ್ಕೊಂದು ಕಟ್ಟು ಹಾಕಿದ: ‘ದಿ’ ಹಾಕಿದರೆ ‘ಆಫ್’ ಕೂಡ ಹಾಕಿ, ಇಲ್ಲವಾದರೆ ಎರಡನ್ನೂ ಬಿಡಿ. ನಿಯಮಗಳ ಹಟಮಾರಿ ಎಂದು ಹೆಸರು ಕೆಡಿಸಿಕೊಂಡಿರುವ ಲೋತ್‌ಗೂ ಒಂದು ಸಂಗತಿ ಕಂಡಿತ್ತು. ಒಂದೇ ಬಾಲದ ಹಿಂದೆ ಎರಡು ಬಗೆಯ ಪದಗಳಿವೆ, ಅವನ್ನು ಗುರುತಿಸಬೇಕಾದ್ದು ಅಕ್ಕಪಕ್ಕದವರಿಂದ.

ಆಮೇಲಿನ ವ್ಯಾಕರಣಕಾರರು ಇದನ್ನೇ ಮುಂದಕ್ಕೆ ಒಯ್ದರು. 1985ರಲ್ಲಿ ರ್‍ಯಾಂಡಲ್ಫ್ ಕ್ವರ್ಕ್ ಮತ್ತು ಸಂಗಡಿಗರು ‘ಪೇಂಟಿಂಗ್’ ಎಂಬ ಒಂದೇ ಪದವನ್ನು ಹಿಡಿದು, ಅಪ್ಪಟ ಹೆಸರಿನಿಂದ ಅಪ್ಪಟ ಕ್ರಿಯೆಯವರೆಗೆ ಅದು ಮೆಟ್ಟಿಲು ಮೆಟ್ಟಿಲಾಗಿ ಹೇಗೆ ಜಾರುತ್ತದೆ ಎಂದು ತೋರಿಸಿದರು. 2002ರ ಕೇಂಬ್ರಿಜ್ ವ್ಯಾಕರಣದಲ್ಲಿ ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲ್ಲಮ್ ಕ್ರಿಯೆಯಾಗಿರುವ ‘ಇಂಗ್’ ರೂಪದೊಳಗೆ ಜೆರಂಡ್ ಬೇರೆ, ಪಾರ್ಟಿಸಿಪಲ್ ಬೇರೆ ಎಂಬ ಗೋಡೆಯನ್ನೇ ಕೆಡವಿ ಎರಡಕ್ಕೂ ಒಂದೇ ಜೋಡಿ ಹೆಸರಿಟ್ಟರು. ನಮ್ಮಲ್ಲಿ ಎಲ್ಲ ಪಾಪವನ್ನೂ ರೆನ್ ಮತ್ತು ಮಾರ್ಟಿನ್ ತಲೆಗೆ ಕಟ್ಟುವ ರೂಢಿಯಿದೆ. ಆದರೆ ಆ ಹಳೆಯ ಪುಸ್ತಕವೂ ಜೆರಂಡ್‌ಗೆ ನಾಮಪದದ ಶಕ್ತಿ, ಕ್ರಿಯಾಪದದ ಶಕ್ತಿ ಎರಡೂ ಇವೆ ಎಂದೇ ಹೇಳುತ್ತದೆ. ತರಗತಿಗೆ ಬರುವ ಹೊತ್ತಿಗೆ ಆ ಮಾತಿನ ಎರಡನೆಯ ಅರ್ಧ ದಾರಿಯಲ್ಲೇ ಉದುರಿಹೋಯಿತು.

ಸೂತ್ರದ ಇನ್ನೊಂದು ಕಾಲೂ ಗಟ್ಟಿಯಿಲ್ಲ. ‘ಈಸ್’ ಜೊತೆ ‘ಇಂಗ್’ ಬಂದರೆ ‘ಲಿ’ ಹಚ್ಚು ಎನ್ನುವುದನ್ನು ಪಾಲಿಸಿದವರು ಮದುವೆಮನೆಯಲ್ಲಿ ‘ಯೂ ಆರ್ ಲುಕಿಂಗ್ ಬ್ಯೂಟಿಫುಲ್ಲಿ’ ಎಂದುಬಿಡುತ್ತಾರೆ. ‘ಲುಕ್’ ಇಲ್ಲಿ ನೋಡುವ ಕ್ರಿಯೆಯಲ್ಲ, ಕಾಣುವ ಸ್ಥಿತಿ. ಚಂದ ಎಂಬುದು ಮದುಮಗಳಿಗೆ ಸೇರಿದ್ದು, ಕಾಣುವಿಕೆಗಲ್ಲ. ಆದ್ದರಿಂದಲೇ ಇಂಗ್ಲಿಷು ‘ಗುಡ್ ಲುಕಿಂಗ್’ ಎನ್ನುತ್ತದೆ, ‘ಸ್ವೀಟ್ ಸ್ಮೆಲಿಂಗ್’ ಎನ್ನುತ್ತದೆ. ಇಲ್ಲಿ ನನ್ನ ವಾದದ ಮಿತಿಯನ್ನೂ ಒಪ್ಪಿಕೊಳ್ಳಬೇಕು: ಕನ್ನಡ ಈ ಜಾಗದಲ್ಲಿ ಕೈಕೊಡುತ್ತದೆ. ‘ಚಂದವಾಗಿ ಹಾಡುತ್ತಾಳೆ’, ‘ಚಂದವಾಗಿ ಕಾಣುತ್ತಾಳೆ’ ಎರಡಕ್ಕೂ ನಮ್ಮಲ್ಲಿ ‘ಆಗಿ’ಯೇ. ತಾಯಿನುಡಿ ಎಲ್ಲಿ ದಾರಿ ತೋರಿಸುತ್ತದೆ, ಎಲ್ಲಿ ತಪ್ಪಿಸುತ್ತದೆ ಎಂದು ಬಿಡಿಸಿ ಹೇಳುವುದೇ ಮೇಷ್ಟರ ಕೆಲಸವಾಗಬೇಕಿತ್ತು.

‘ಆಲ್ವೇಸ್’ ಕಂಡರೆ ‘ಇಂಗ್’ ಬೇಡ ಎಂಬ ಪರೀಕ್ಷೆಯ ಉಪಾಯವೂ ಇದೇ ಸಂತತಿಯದು. ‘ಹಿ ಆಲ್ವೇಸ್ ಕಂಪ್ಲೇನ್ಸ್’ ಬರಿಯ ವರದಿ. ‘ಹಿ ಈಸ್ ಆಲ್ವೇಸ್ ಕಂಪ್ಲೇನಿಂಗ್’ ಎಂದಾಗ ಹೇಳುವವನ ರೋಸಿದ ಮುಖ ಕಾಣುತ್ತದೆ. ‘ಯಾವಾಗಲೂ ಗೊಣಗುತ್ತಾನೆ’ ಎನ್ನುವುದಕ್ಕೂ ‘ಯಾವಾಗ ನೋಡಿದರೂ ಗೊಣಗುತ್ತಲೇ ಇರುತ್ತಾನೆ’ ಎನ್ನುವುದಕ್ಕೂ ಇರುವ ಅಂತರ ನಮಗೆ ಗೊತ್ತಿಲ್ಲವೇ? ಗೊತ್ತಿದ್ದೂ ಬಿಟ್ಟ ಜಾಗ ತುಂಬುವಾಗ ಮರೆಯುತ್ತೇವೆ.

ಮಕ್ಕಳಿಗೆ ಮೊದಲು ಸರಳ ಸೂತ್ರ ಬೇಕು, ಸೂಕ್ಷ್ಮ ಆಮೇಲೆ ಬರಲಿ ಎನ್ನುವವರಿದ್ದಾರೆ. ಸರಳತೆಗೆ ನನ್ನ ತಕರಾರಿಲ್ಲ. ಆದರೆ ಈ ಸೂತ್ರ ಸರಳವೂ ಅಲ್ಲ. ಪದಕ್ಕೆ ಮೊದಲು ಹಣೆಪಟ್ಟಿ ಹುಡುಕು, ಆಮೇಲೆ ಹಣೆಪಟ್ಟಿಗೆ ತಕ್ಕ ವಿಶೇಷಣ ಹುಡುಕು ಎಂದು ಎರಡು ಕೆಲಸ ಹೇಳುತ್ತದೆ, ಕೊನೆಗೆ ತಪ್ಪು ಉತ್ತರ ಕೊಡುತ್ತದೆ. ಅದರ ಬದಲು ಒಂದೇ ಪ್ರಶ್ನೆ ಸಾಕು: ಇದನ್ನು ಕನ್ನಡದಲ್ಲಿ ಹೇಳಿದರೆ ಓಟವೋ, ಓಡುವುದೋ? ಕನ್ನಡಕ್ಕೆ ಸಂಸ್ಕೃತದ ಅಚ್ಚು ತೊಡಿಸಬೇಡಿ, ಅದರ ವ್ಯಾಕರಣವನ್ನು ಅದರೊಳಗಿನಿಂದಲೇ ಕಾಣಿರಿ ಎಂದು ಡಿ.ಎನ್. ಶಂಕರ ಭಟ್ಟರು ಜೀವಮಾನವಿಡೀ ವಾದಿಸಿದರು. ಆ ಮಾತು ನಾವು ಕಲಿಯುವ ಇಂಗ್ಲಿಷಿಗೂ ಸಲ್ಲುತ್ತದೆ.

ಅಷ್ಟು ಉಳಿತಾಯವಾದರೆ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಕಡೆಗೆ ಗಮನ ಹೋದೀತು. ‘ರೀಡಿಂಗ್ ಸ್ಲೋಲಿ ಇಂಪ್ರೂವ್ಸ್ ದಿ ಮೈಂಡ್’ ಎಂಬ ವಾಕ್ಯವನ್ನು ನೋಡಿ. ನಿಧಾನವಾಗಿ ಓದಿದರೆ ಬುದ್ಧಿ ಬೆಳೆಯುತ್ತದೆಯೋ, ಓದಿದರೆ ಬುದ್ಧಿ ನಿಧಾನವಾಗಿ ಬೆಳೆಯುತ್ತದೆಯೋ? ‘ಸ್ಲೋಲಿ’ ನಡುವೆ ನಿಂತು ಎರಡೂ ಮನೆಯ ಅಂಗಳಕ್ಕೆ ಇಣುಕುತ್ತಿದೆ. ನಮ್ಮ ಸೂತ್ರಕ್ಕೆ ಈ ವಾಕ್ಯದಲ್ಲಿ ತೊಡಕೇ ಕಾಣುವುದಿಲ್ಲ. ಕಂಡರೂ ಅದು ಹೇಳುವುದು ‘ಸ್ಲೋ ರೀಡಿಂಗ್’ ಎಂದು ತಿದ್ದು ಎಂದಷ್ಟೆ. ಹಾಗೆ ತಿದ್ದಿದರೆ ವಾಕ್ಯ ಶುದ್ಧವಾಗುತ್ತದೆ. ಓದಿದರೆ ಬುದ್ಧಿ ನಿಧಾನವಾಗಿಯೇ ಬೆಳೆಯುತ್ತದೆ ಎಂದು ಹೇಳಹೊರಟಿದ್ದವನ ಮಾತು ಮಾತ್ರ ಹಾಳೆಯಿಂದ ಅಳಿಸಿಹೋಗಿರುತ್ತದೆ.