ಪಾತ್ರ ಬದಲಾಗಲಿ, ಆದರೆ ಲೆಕ್ಕ ಕೊಡಲಿ

ಈ ಸಲ ಮಕ್ಕಳಿಗೂ ರುಚಿಸುವಂಥ ವಿಮರ್ಶೆ ಬರೆಯಿರಿ ಎಂದು ಸಂಪಾದಕರು ಕೇಳಿದರು. ಆದ್ದರಿಂದ ಈ ಬಾರಿ ನಮ್ಮ ಕೈಗೆ ಸಿಕ್ಕಿರುವುದು ಪುಸ್ತಕವಲ್ಲ, ವಿಡಿಯೋ ಗೇಮ್! ಹಿರಿಯ ಸದಸ್ಯರು ಪುಟ ತಿರುವಿ ಪಾಟ್‌ಲಕ್ ಪ್ರಕಟಣೆಗೆ ಹಾರುವ ಮುನ್ನ ಸ್ವಲ್ಪ ತಾಳ್ಮೆ ತೋರಬೇಕಾಗಿ ವಿನಂತಿ. ಪಂಪ, ರನ್ನರೂ ಬರುತ್ತಾರೆ.

ಅದು 2000ನೆಯ ಇಸವಿಯ ಚಳಿಗಾಲ. ಡೆಟ್ರಾಯಿಟ್ ಹೊರವಲಯದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಹೈಸ್ಕೂಲು ಓದುತ್ತಿದ್ದ ಮಗ 'ಬಾಲ್ಡರ್ಸ್ ಗೇಟ್' ಎಂಬ ಆಟದ ಎರಡನೆಯ ಭಾಗದಲ್ಲಿ ಮುಳುಗಿದ್ದ. "ಊಟಕ್ಕೆ ಬಾರೋ" ಎಂದು ಮೇಲಿನಿಂದ ಕೂಗಿದರೆ, "ಒಬ್ಬಳನ್ನು ಜೀವಂತ ಸುಡ್ತಾ ಇದ್ದಾರೆ, ಬಿಡಿಸಿ ಬರ್ತೀನಿ" ಎಂಬ ಉತ್ತರ! ಸಾರು ಆರಿತು, ನಾವು ರೇಗಿದೆವು. ಸುಡಲು ನಿಲ್ಲಿಸಿದ್ದವಳ ಹೆಸರು ವಿಕೋನಿಯಾ ಎಂದು ನಮಗೆ ತಿಳಿದದ್ದು ಇಪ್ಪತ್ತಮೂರು ವರ್ಷಗಳ ನಂತರ.

2023ರ ಆಗಸ್ಟಿನಲ್ಲಿ ಆ ಆಟದ ಮೂರನೆಯ ಭಾಗ ಬಂತು. ಅದೇ ಮಗ ಈಗ ಚಿಕಾಗೋ ಬಳಿಯ ನೇಪರ್‌ವಿಲ್‌ನಲ್ಲಿ ಸಂಸಾರಸ್ಥ. ಡಿಸೆಂಬರಿನಲ್ಲಿ ಅವನ ಮನೆಗೆ ಹೋಗಿದ್ದಾಗ ಒಂದು ರಾತ್ರಿ, ಮಕ್ಕಳು ಮಲಗಿದ ಮೇಲೆ, ಅವನು ಆಡುವುದನ್ನು ನೋಡುತ್ತಾ ಕುಳಿತಿದ್ದೆವು. ಇದ್ದಕ್ಕಿದ್ದಂತೆ ಮುಖ ಸಪ್ಪಗೆ ಮಾಡಿ ಕೈಯಲ್ಲಿದ್ದುದನ್ನು ಕೆಳಗಿಟ್ಟ. "ಇವಳನ್ನು ನಾನು ಸರಿ ಮಾಡಿದ್ದೆ, ಇವರು ಮತ್ತೆ ಕೆಡಿಸಿಬಿಟ್ಟಿದ್ದಾರೆ" ಎಂದ. ಮೂವತ್ತೇಳು ವರ್ಷದ ಇಂಜಿನಿಯರ್ ಆಡುವ ಮಾತೇ ಇದು ಎಂದು ನಗು ಬಂತು. ಆದರೆ ಅವನು ನಗಲಿಲ್ಲ.

ಪಾತ್ರ ವಹಿಸಿ ಆಡುವ ಈ ಬಗೆಯ ಆಟ ಹುಟ್ಟಿದ್ದು ನಮ್ಮ ನೆರೆಯಲ್ಲೇ. ಬೇಸಿಗೆಯಲ್ಲಿ ನಾವೆಲ್ಲ ದೋಣಿವಿಹಾರಕ್ಕೆ ಹೋಗುವ ವಿಸ್ಕಾನ್ಸಿನ್ನಿನ ಲೇಕ್ ಜಿನೀವಾ ಊರಿನಿಂದ 1974ರಲ್ಲಿ 'ಡಂಜನ್ಸ್ ಅಂಡ್ ಡ್ರಾಗನ್ಸ್' ಹೊರಬಂತು. ಕರ್ತೃಗಳು ಇಬ್ಬರು: ಡೇವ್ ಆರ್ನೆಸನ್ ಮತ್ತು ಚಿಕಾಗೋದಲ್ಲಿ ಹುಟ್ಟಿದ ಗ್ಯಾರಿ ಗೈಗ್ಯಾಕ್ಸ್. ಅದು ಎಂಥ ಆಟವೆಂದು ಕೇಳುವವರಿಗೆ ನಮ್ಮ ಉತ್ತರ: ಅಮೆರಿಕದ ತಾಳಮದ್ದಳೆ! ವೇಷವಿಲ್ಲ, ಕುಣಿತವಿಲ್ಲ. ಸುತ್ತ ಕುಳಿತು, ಪಾತ್ರವಾಗಿ, ಆಶುವಾಗಿ ಮಾತಾಡಬೇಕು. ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಮೊದಲೇ ಗೊತ್ತು. ಇಲ್ಲಿ ಇಪ್ಪತ್ತು ಮುಖದ ದಾಳ ನಿರ್ಧರಿಸುತ್ತದೆ. ಕರ್ಣ ಅದೇ ಕರ್ಣನಾದರೂ ಅರ್ಥಧಾರಿ ಬದಲಾದಂತೆ ಬೇರೆಯಾಗುತ್ತಾನಲ್ಲ, ಹಾಗೆ ಇಲ್ಲಿಯೂ ಆಡುವವನು ಪಾತ್ರಕ್ಕೆ ತನ್ನದೇನನ್ನೋ ಕೊಟ್ಟಿರುತ್ತಾನೆ.

ಆ ಆಟದ ನಿಯಮಗಳನ್ನೇ ಕಂಪ್ಯೂಟರಿಗೆ ತಂದು ಕೆನಡಾದ ಎಡ್ಮಂಟನ್ನಿನ ಬಯೋವೇರ್ ಕಂಪನಿ 1998ರಲ್ಲಿ ಮೊದಲ ಬಾಲ್ಡರ್ಸ್ ಗೇಟ್ ಹೊರತಂದಿತು, 2000ದಲ್ಲಿ ಎರಡನೆಯದನ್ನು. ಮೂರನೆಯದು ಬೆಲ್ಜಿಯಮ್ಮಿನ ಲಾರಿಯನ್ ಕಂಪನಿಯದು. ಕತೆಯೊಳಗೆ ಅಷ್ಟರಲ್ಲಿ ನೂರಕ್ಕೂ ಹೆಚ್ಚು ವರ್ಷ ಕಳೆದಿದೆ. ಬರೆದವರು ಬೇರೆ, ಕಾಲ ಬೇರೆ. ಪಾತ್ರಗಳು ಬದಲಾಗದಿದ್ದರೇ ಆಶ್ಚರ್ಯ.

ಜಹೀರಾಳನ್ನು ನೋಡಿ. ಮೊದಲ ಭಾಗದಲ್ಲಿ ಗಂಡ ಖಾಲಿದನೊಡನೆ ಬರುವ ಖಡಕ್ ಹೆಂಗಸು. ಎರಡನೆಯ ಭಾಗ ತೊಡಗುತ್ತಿದ್ದಂತೆ ಗಂಡನ ಶವ ಕಾಣಬೇಕಾಗುತ್ತದೆ. ಮೂರನೆಯದರಲ್ಲಿ ಮುದುಕಿ, ತನ್ನ ಪಂಗಡಕ್ಕೆ ಹಿರಿಯಳು, ಮನೆ ತುಂಬ ಸಾಕುಮಕ್ಕಳು. ಮಾತು ಇನ್ನೂ ಖಾರವೇ, ಆದರೆ ಆ ಖಾರದ ಹಿಂದೆ ದಣಿವಿದೆ, ತನ್ನನ್ನೇ ಗೇಲಿ ಮಾಡಿಕೊಳ್ಳುವ ನಗುವಿದೆ. ಹಳೆಯ ಜಹೀರಾ ಬದುಕಿ ಬಾಳಿದ್ದರೆ ಹೀಗೆಯೇ ಆಗುತ್ತಿದ್ದಳು ಎನಿಸುತ್ತದೆ. ಅಂಗೈಯಲ್ಲಿ ಬೂ ಎಂಬ ಹ್ಯಾಮ್‌ಸ್ಟರ್ ಇಟ್ಟುಕೊಂಡು ಅದರೊಡನೆ ಸಮಾಲೋಚಿಸುವ ಮಿನ್ಸ್ಕ್ ಮಾತ್ರ ಎಳ್ಳಷ್ಟೂ ಬದಲಾಗಿಲ್ಲ. ಅದಕ್ಕೂ ಕಾರಣ ಕೊಟ್ಟಿದ್ದಾರೆ: ಅಷ್ಟು ಕಾಲವೂ ಅವನು ಕಲ್ಲಾಗಿದ್ದನಂತೆ!

ಈಗ ವಿಕೋನಿಯಾ. ಶಾರ್ ಎಂಬ ಕತ್ತಲ ದೇವತೆಯ ಪೂಜಾರಿಣಿ, ಯಾರನ್ನೂ ನಂಬದವಳು. ಎರಡನೆಯ ಭಾಗದಲ್ಲೂ ಅದರ ಮುಂದುವರಿಕೆಯಾಗಿ 2001ರಲ್ಲಿ ಬಂದ ಕತೆಯಲ್ಲೂ ಆಡುವವನು ಅವಳ ವಿಶ್ವಾಸ ಗಳಿಸಿ, ಮಾತಿಗೆ ಮಾತು ಕೊಡುತ್ತಾ ಹೋದರೆ ಅವಳ ಸ್ವಭಾವವೇ ತಿರುಗುತ್ತದೆ. ಗುಣಪಟ್ಟಿಯಲ್ಲಿ 'ಕೆಡುಕು' ಎಂಬುದು ಅಳಿಸಿಹೋಗುತ್ತದೆ. ಮೂರನೆಯ ಭಾಗದಲ್ಲಿ ಅವಳು ಅದೇ ಶಾರಳ ಮಠಕ್ಕೆ ಅಧಿಪತಿ, ಮಕ್ಕಳ ನೆನಪನ್ನೇ ಅಳಿಸಿ ಬೆಳೆಸುವ ಕ್ರೂರಿ. ಅಲ್ಲಿಂದ ಇಲ್ಲಿಗೆ ಬಂದ ದಾರಿಯನ್ನು ಆಟ ನಮ್ಮನ್ನು ನಡೆಸಿ ತೋರಿಸುವುದಿಲ್ಲ. ಮೊದಲ ಭಾಗದ ಖಳ ಸರೆವೋಕನದೂ ಇದೇ ಪಾಡು. 2001ರ ಕತೆಯಲ್ಲಿ ಒಳ್ಳೆಯವನಾಗುವ ಬಾಗಿಲು ಅವನಿಗೆ ತೆರೆದಿತ್ತು. 2023ರಲ್ಲಿ ಮತ್ತೆ ಕೊಲೆಗಡುಕರ ಪೀಠದಲ್ಲಿ ಕುಳಿತಿದ್ದಾನೆ.

ಲಾರಿಯನ್ನರ ಕಷ್ಟವೂ ನಮಗೆ ಅರ್ಥವಾಗುತ್ತದೆ. ಒಬ್ಬ ಹುಡುಗ ವಿಕೋನಿಯಾಳನ್ನು ತಿದ್ದಿದ, ಇನ್ನೊಬ್ಬ ಬೆಂಕಿಗೇ ಬಿಟ್ಟ, ಮತ್ತೊಬ್ಬ ಅವಳನ್ನು ಭೇಟಿಯಾಗಲೇ ಇಲ್ಲ. ಮುಂದಿನ ಭಾಗ ಬರೆಯುವವರು ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ಆರಿಸಿದ್ದು ತಪ್ಪಲ್ಲ. ಆರಿಸಿ, ನಡುವಿನ ಕಾಲಕ್ಕೆ ಲೆಕ್ಕ ಕೊಡದಿದ್ದುದು ತಪ್ಪು. ನಮ್ಮ ಕೂಟದ ಖಜಾಂಚಿಯವರು ಕಳೆದ ವರ್ಷದ ಉಳಿಕೆಯನ್ನು ಮೊದಲ ಸಾಲಿನಲ್ಲೇ ಓದುತ್ತಾರಷ್ಟೆ? ಉಳಿಕೆ ಕರಗಿದ್ದರೆ ಏಕೆ ಕರಗಿತೆಂದು ಹೇಳುತ್ತಾರೆ. ಅಷ್ಟೇ ನಾವು ಕೇಳುವುದು.

ಬದಲಾವಣೆ ದೊಡ್ಡದಾಯಿತೆಂಬುದೇ ದೂರಲ್ಲ. 2001ರ 'ಫೈನಲ್ ಫ್ಯಾಂಟಸಿ' ಹತ್ತನೆಯ ಆಟದ ಯೂನಾ, ಲೋಕ ಉಳಿಸಲು ತಾನು ಸಾಯಲೇಬೇಕೆಂದು ತಿಳಿದೂ ಯಾತ್ರೆ ಹೊರಟ ಗಂಭೀರ ಹುಡುಗಿ. 2003ರ ಮುಂದುವರಿಕೆಯಲ್ಲಿ ಪಿಸ್ತೂಲು ಹಿಡಿದು ಹಾಡಿ ಕುಣಿಯುತ್ತಾಳೆ! ನಮ್ಮ ಮಗಳ ಗೆಳತಿಯರು ಆಗ ಸಿಡುಕಿದ್ದರು. ಈಗ ನೋಡಿದರೆ ಆ ಬದಲಾವಣೆ ನ್ಯಾಯವೇ. ಸಾವಿಗೆ ಸಿದ್ಧಳಾಗಿ ಬೆಳೆದವಳಿಗೆ ಆಕಸ್ಮಿಕವಾಗಿ ಆಯುಷ್ಯ ಸಿಕ್ಕಿದೆ, ಕುಣಿಯದೆ ಇನ್ನೇನು? ಕಳೆದುಹೋದ ಪ್ರಿಯನನ್ನು ಅವಳು ಮರೆತಿಲ್ಲ, ಅವನ ಸುಳಿವು ಹುಡುಕಿಯೇ ಹೊರಟಿದ್ದಾಳೆ. ಉಳಿಕೆ ಸರಿಯಾಗಿ ಮುಂದಕ್ಕೆ ಬಂದಿದೆ.

ಇದೇ ಅಳತೆಗೋಲನ್ನು ನಮ್ಮ ಕವಿಗಳಿಗೂ ಹಿಡಿಯಬೇಕಲ್ಲವೇ? ಡೆಟ್ರಾಯಿಟ್ ಕಡೆಯ ಕೂಟ ಪಂಪನ ಹೆಸರನ್ನೇ ಹೊತ್ತಿದೆ, ಆದರೂ ಹೇಳುತ್ತೇವೆ. ಹತ್ತನೆಯ ಶತಮಾನದಲ್ಲಿ ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು, ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿ ಮಾಡಿದ. ಆದರೆ ಅವಳ ಮುಡಿಗಾಗಿ ಪ್ರತಿಜ್ಞೆ ಮಾಡಿ ಸೇಡು ತೀರಿಸುವವನು ಅವನಲ್ಲೂ ಭೀಮನೇ. ಕೊನೆಗೆ ಪಟ್ಟಾಭಿಷೇಕದಲ್ಲಿ ಅರ್ಜುನನ ಪಕ್ಕ ಕೂರುವವಳು ಸುಭದ್ರೆ. ಅಷ್ಟೆಲ್ಲ ನೋವುಂಡ ದ್ರೌಪದಿಯ ಲೆಕ್ಕ ಮುಗಿಯುವುದೇ ಇಲ್ಲ! ರನ್ನ ಪಂಪನ ಕಾವ್ಯದ ಒಂದು ಪ್ರಸಂಗವನ್ನೇ ಹಿಗ್ಗಿಸಿ 'ಗದಾಯುದ್ಧ' ಬರೆದ. ಅವನ ನಾಯಕ ಭೀಮ. ಆದರೂ ದುರ್ಯೋಧನನನ್ನು ರಣರಂಗದಲ್ಲಿ ನಡೆಸಿ, ತನ್ನವರ ಹೆಣಗಳ ಮುಂದೆ ಅಳಿಸಿ, ಶತ್ರುವಿನ ಮಗ ಅಭಿಮನ್ಯುವನ್ನೂ ಹೊಗಳಿಸುತ್ತಾನೆ. ಸಿಂಹಾವಲೋಕನದಿಂದ ಹಿಂದಿನದೆಲ್ಲವನ್ನೂ ನೆನಪಿಸುತ್ತಾನೆ. ಹೊಸ ದುರ್ಯೋಧನ ಹಳೆಯವನಿಗಿಂತ ದೊಡ್ಡವನಾದ, ಆದರೆ ಹಳೆಯದೊಂದನ್ನೂ ಮರೆಯಲಿಲ್ಲ.

ಆದ್ದರಿಂದ ಬಾಲ್ಡರ್ಸ್ ಗೇಟ್ ಮೂರನೆಯ ಭಾಗಕ್ಕೆ ನಮ್ಮ ತೀರ್ಪು: ಜಹೀರಾಳಿಗಾಗಿ ನೋಡಲೇಬೇಕಾದ ಕೃತಿ, ವಿಕೋನಿಯಾಳ ವಿಷಯದಲ್ಲಿ ಸೋತಿದೆ. ಒಂದೇ ಒಂದು ದೃಶ್ಯ, ಅವಳು ಹಿಂತಿರುಗಿದ ರಾತ್ರಿಯ ಕತೆ, ಇದ್ದಿದ್ದರೆ ಮಗ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

2000ದಲ್ಲಿ ಅವನು ಬೇಸ್‌ಮೆಂಟಿನಲ್ಲಿ ವೇಳೆ ಹಾಳು ಮಾಡುತ್ತಿದ್ದಾನೆಂದೇ ನಾವು ತಿಳಿದಿದ್ದೆವು. ಯಾರನ್ನೋ ಬೆಂಕಿಯಿಂದ ಬಿಡಿಸಿ, ತಿಂಗಳುಗಟ್ಟಲೆ ತಾಳ್ಮೆಯಿಂದ ಮಾತಾಡಿ ತಿದ್ದಿದ್ದನೆಂದು ಒಮ್ಮೆಯಾದರೂ ಕೇಳಿರಲಿಲ್ಲ. ಆ ರಾತ್ರಿ ನೇಪರ್‌ವಿಲ್‌ನಲ್ಲಿ ಕೇಳಿದೆವು. ಹೇಳಿ ಮುಗಿಸುವ ಹೊತ್ತಿಗೆ ಎರಡು ಗಂಟೆ ಹೊಡೆದಿತ್ತು, ಮಧ್ಯೆ ಎರಡು ಸಲ ಕಾಫಿಯಾಯಿತು.

ನಿಮ್ಮ ಮನೆಯ ಮಕ್ಕಳನ್ನೂ ಕೇಳಿ ನೋಡಿ: ಮುಂದಿನ ಭಾಗದಲ್ಲಿ ಕೆಟ್ಟುಹೋದ ಪಾತ್ರ ಯಾವುದು, ಏಕೆ? ಅವರು ಹೇಳಿದ್ದನ್ನು ಅರ್ಧ ಪುಟದಲ್ಲಿ ಬರೆದು ಸಂಪಾದಕರಿಗೆ ಕಳಿಸಿ. ಕನ್ನಡ ತಪ್ಪಾದರೂ ಚಿಂತೆಯಿಲ್ಲ, ಕಾಗುಣಿತ ನಾವು ತಿದ್ದುತ್ತೇವೆ.